ಚಪ್ಪಲಿ ರಬ್ಬರ್ ಸುಟ್ಟ ವರ್ಷಗಳು

ನಾನು ಮದುವೆಯಾಗಿ ಕಾಗವಾಡ ಕಡೆಯ ಈ ಹಳ್ಳಿಗೆ ಬಂದಾಗ ನಮ್ಮ ಬೆಲ್ಲದ ಗಾಣದ ಹೊಗೆ ಬಿಳಿಯದಾಗಿತ್ತು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿ ಅದನ್ನೇ ಒಲೆಗೆ ತುಂಬುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಇನ್ನೂರು ಹೆಜ್ಜೆ ದೂರದ ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. ಅಥಣಿ ಪೇಟೆಯಲ್ಲಿ ಬೆಳೆದ ನನಗೆ ಅದು ಹೊಸದು. ಮೊದಲ ವರ್ಷ ತವರಿಗೆ ಹೋದಾಗ ತಂಗಿ ನನ್ನ ಸೀರೆ ಮೂಸಿ ನೋಡಿ, "ಅಕ್ಕಾ, ಬೆಲ್ಲದ ಪೆಂಟಿ ಹಂಗ ವಾಸ್ನಿ ಬರಾಕತ್ತೀ ನೋಡ" ಎಂದು ನಕ್ಕಿದ್ದಳು.

ಗಾಣ ಮಾವನವರದು. ಅವರು ಜೈನ ನೇಮದಂತೆ ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕದವರು. ಹಂಗಾಮಿನ ಮೊದಲ ದಿನ ಒಲೆಯೊಳಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಇರುವೆ ಸಾಲು, ಹಲ್ಲಿ, ಇಲಿಮರಿ ಏನೇ ಇದ್ದರೂ ಪೊರಕೆಯಿಂದ ಮೆಲ್ಲಗೆ ಹೊರಗೆ ಸರಿಸಿ, ಆಮೇಲೆಯೇ ಕಡ್ಡಿ ಗೀರಲು ಬಿಡುತ್ತಿದ್ದರು. ವಯಸ್ಸಾದಂತೆ ಗಾಣದ ಕೆಲಸವೆಲ್ಲ ನನ್ನ ಗಂಡನ ಕೈಗೆ ಬಂತು.

ಮಗಳಿಗೆ ಆರು ತುಂಬಿದ ವರ್ಷ ದೀಪಾವಳಿ ಮುಗಿದ ಮೇಲೂ ಮಳೆ ಬಿಡಲಿಲ್ಲ. ಹರವಿದ್ದ ಸಿಪ್ಪೆಯೆಲ್ಲ ನೆನೆದು ಬೂಸ್ಟು ಹಿಡಿಯಿತು. ಕಬ್ಬು ಕಡಿದು ತಂದಾಗಿದೆ, ಒಲೆ ಹೊತ್ತುತ್ತಿಲ್ಲ. ಆಗ ನನ್ನ ಗಂಡ ಯಾರಿಗೋ ಫೋನು ಮಾಡಿದರು. ಎರಡು ದಿನದಲ್ಲಿ ಕೊಗನೊಳ್ಳಿ ಕಡೆಯಿಂದ ಒಂದು ಲಾರಿ ಬಂದು ಗಾಣದ ಹಿಂದೆ ಲೋಡು ಸುರಿದು ಹೋಯಿತು. ಚಪ್ಪಲಿ ಮಾಡುವ ಯಾವುದೋ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ರಬ್ಬರ್ ಹಾಳೆಗಳು. ಗುಲಾಬಿ, ನೀಲಿ, ಹಳದಿ. ಒಂದೊಂದು ಹಾಳೆಯಲ್ಲೂ ಪಾದದ ಆಕಾರದ ತೂತುಗಳು. ಮಳೆ ನಿಂತ ಮೇಲೂ ಲಾರಿ ಬರುವುದು ನಿಲ್ಲಲಿಲ್ಲ. ರಬ್ಬರಿನ ಉರಿ ಜೋರು, ಕೊಪ್ಪರಿಗೆ ಬೇಗ ಇಳಿಯುತ್ತದೆ, ಸಿಪ್ಪೆ ಒಣಗಿಸುವ ಆಳಿನ ಕೆಲಸ ಉಳಿಯುತ್ತದೆ. ಒಂದು ಸಲ ರೂಢಿಯಾಯಿತು, ಅಷ್ಟೇ.

ಒಲೆಗೆ ಉರುವಲು ಹಾಕುತ್ತಿದ್ದವನು ರಾಯಬಾಗ ಕಡೆಯವನು. ವರ್ಷಗಟ್ಟಲೆ ಬೆಂಕಿಯ ಮುಂದೆ ಕೂತು ಅವನ ಹುಬ್ಬುಗಳು ಸುಟ್ಟುಹೋಗಿದ್ದವು, ಮುಖ ನೋಡಿದರೆ ಸದಾ ಏನೋ ಕೇಳಿ ಬೆರಗಾದವನಂತೆ ಕಾಣುತ್ತಿದ್ದ. ಹೆಂಡತಿ ಸಿಪ್ಪೆ ಹರವುವ ಕೆಲಸಕ್ಕೆ ಇದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. ಒಲೆಯಿಂದ ಹತ್ತು ಮಾರು ದೂರದಲ್ಲಿ ತಗಡು ಹೊದಿಸಿದ ಗುಡಿಸಲಲ್ಲಿ ಹಂಗಾಮು ಮುಗಿಯುವ ತನಕ ಅವರ ವಾಸ. ಅವರ ಒಬ್ಬಳೇ ಮಗಳು ನನ್ನ ಮಗಳ ವಾರಿಗೆಯವಳು.

ಇಬ್ಬರೂ ಆ ರಬ್ಬರ್ ರಾಶಿಯ ಮೇಲೆಯೇ ಆಡುತ್ತಿದ್ದರು. ಹಾಳೆಯ ತೂತಿನಲ್ಲಿ ಪಾದ ಇಟ್ಟು ಸರಿಹೋಗುತ್ತದೆಯೇ ನೋಡುವುದು, ಚೂರುಗಳನ್ನು ಮಣಿಕಟ್ಟಿಗೆ ಸುತ್ತಿ ಬಳೆ ಮಾಡಿಕೊಳ್ಳುವುದು. ನಾನೇ ಅವರಿಗೆ ಕತ್ತರಿ ಕೊಟ್ಟು ಹೂವು ಕತ್ತರಿಸುವುದನ್ನು ತೋರಿಸಿಕೊಟ್ಟಿದ್ದೆ.

ಹೊಗೆ ಈಗ ಕಪ್ಪಗಿತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಎಣ್ಣೆಜಿಡ್ಡಿನ ಮಸಿ ಕೂರುತ್ತಿತ್ತು, ಒರೆಸಿದರೆ ಇನ್ನಷ್ಟು ಹರಡುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿದ ದಿನ ಕಿಟಕಿ ಹಾಕಿಕೊಂಡು ಕೂರುತ್ತಿದ್ದೆವು. ಅತ್ತೆ ಗೊಣಗಿದ್ದು ಹಪ್ಪಳ ಒಣಹಾಕಲು ಜಾಗವಿಲ್ಲ ಎಂದು ಮಾತ್ರ.

ಮಗಳಿಗೆ ಕೆಮ್ಮು ಶುರುವಾಯಿತು. ಊರಿನ ಡಾಕ್ಟರು ಮೂರು ಸಲ ಸಿರಪ್ಪು ಬದಲಿಸಿದರು. ಬೆಳಗಿನ ಜಾವ ಎದ್ದು ಕೂತು ಕೆಮ್ಮುತ್ತಿದ್ದಳು, ಕೆಮ್ಮಿ ಕೆಮ್ಮಿ ಕುಡಿದ ಹಾಲೆಲ್ಲ ಹೊರಗೆ ಹಾಕುತ್ತಿದ್ದಳು. ಒಂದು ದಿನ ಸಾಲಿಗೆ ಹೊರಡುವಾಗ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಮಮ್ಮಿ, ಉಸುರು ಸಾಲವಲ್ದು" ಅಂದಳು. ಎದೆಯೊಳಗೆ ಸೀಟಿ ಊದಿದಂಥ ಸದ್ದು ನನಗೂ ಕೇಳಿಸುತ್ತಿತ್ತು.

ಮಿರಜಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಮ್ಮ ಕಡೆಯ ಅರ್ಧ ಮಂದಿ ಅಲ್ಲಿಗೇ ಹೋಗುವುದರಿಂದ ಅವರಿಗೆ ಮರಾಠಿ ಬೆರೆತ ಕನ್ನಡ ಬರುತ್ತಿತ್ತು. ಬೆನ್ನಿಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಮನಿ ಹತ್ರ ಏನಾರ ಸುಡತಾರ ಕಾ? ಹೊಗಿ ಬರತೈತಿ ಕಾ?" ಎಂದು ಕೇಳಿದರು.

"ಏನಿಲ್ರಿ ಸಾಹೇಬ್ರ," ಅಂದರು ನನ್ನ ಗಂಡ. "ನಮ್ದು ಹಳ್ಳಿ. ಹೊಲದಾಗ ಮನಿ ಐತಿ. ಗಾಳಿ ಚಲೋ ಐತ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಸ್ಟೂಲಿನ ಮೇಲಿಂದ ಜೋತುಬಿದ್ದಿದ್ದ ಮಗಳ ಕಾಲು ನೋಡುತ್ತಾ ಕುಳಿತೆ. ಬಾಯಿ ತೆರೆಯಲಿಲ್ಲ. ಗಂಡನಿಗೆ ಹೆದರಿ ಅಲ್ಲ, ಅವರು ಹೊಡೆಯುವವರೂ ಬೈಯುವವರೂ ಅಲ್ಲ. ನಾಲ್ಕು ಜನರ ಮುಂದೆ ನಮ್ಮ ಮನೆಯ ಗಾಣವನ್ನು ನಾನೇ ಹೀಗಳೆಯುವುದು ಹೇಗೆ ಎಂಬ ಒಂದು ಸಂಕೋಚ. ಇಷ್ಟು ವರ್ಷದ ಮೇಲೆ ಯೋಚಿಸಿದರೂ ಅದಕ್ಕಿಂತ ದೊಡ್ಡ ಕಾರಣ ನನಗೆ ಸಿಗುವುದಿಲ್ಲ.

ದಮ್ಮು ಎಂದು ಹೇಳಿ ನೀಲಿ ಪಂಪು ಬರೆದುಕೊಟ್ಟರು. ಅದನ್ನು ಪ್ಲಾಸ್ಟಿಕ್ಕಿನ ದೊಡ್ಡ ಕೊಳವೆಗೆ ಸಿಕ್ಕಿಸಿ ಬಾಯಿಗೆ ಹಿಡಿದು ಹೇಗೆ ಎಳೆಯಬೇಕು ಎಂದು ನರ್ಸು ಎರಡು ಸಲ ತೋರಿಸಿದಳು. ಅತ್ತೆ ಅದನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಕುಕ್ಕರಿನ ಹಿಂದೆ ಇಟ್ಟರು. "ಹೆಣ್ಣ ಹುಡುಗಿ. ಮಂದಿ ಕಣ್ಣಿಗೆ ಬೀಳೂದು ಬ್ಯಾಡ" ಅಂದರು. ಹೊರಡುವಾಗ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು, ಸ್ವಲ್ಪ ದಿನ ಬೇರೆ ಊರಲ್ಲಿಟ್ಟು ನೋಡಿ ಎಂದು.

ಸಂಕ್ರಮಣಕ್ಕೆ ತವರಿಗೆ ಕರೆದುಕೊಂಡು ಹೋದವಳು ಮಗಳನ್ನು ಅಲ್ಲೇ ಅವ್ವನ ಹತ್ತಿರ ಬಿಟ್ಟೆ. ಅಥಣಿಯಲ್ಲೇನು ಧೂಳು ಕಡಿಮೆಯಿಲ್ಲ, ಮನೆಯ ಮುಂದೆಯೇ ಟಂಟಂ ಆಟೋಗಳು ಓಡಾಡುತ್ತವೆ. ಆದರೂ ಒಂದು ವಾರದಲ್ಲಿ ಕೆಮ್ಮು ಇಳಿಯಿತು. ಮೂರು ವಾರಕ್ಕೆ ಪಂಪು ಬೇಕಾಗಲಿಲ್ಲ. ಓಣಿಯ ಹುಡುಗಿಯರ ಜೊತೆ ಕುಂಟಲಿಪಿ ಆಡುತ್ತಿದ್ದಾಳೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಅಲ್ಲಿನ ಶಾಲೆಗೇ ಹೆಸರು ಹಚ್ಚಿಸಿದೆವು.

ನಾನು ಗಂಡನಿಗೆ, "ಅಲ್ಲಿ ಹೋದ ಮ್ಯಾಲ ಅಕಿಗೆ ಏನೂ ಆಗಿಲ್ಲ. ಈ ರಬ್ಬರ್ ಬಿಡೂಣು" ಅಂದೆ.

"ಎಲ್ಲಾ ಗಾಣದಾಗೂ ಇದನ್ನ ಸುಡತಾರ. ನಾವೊಬ್ರ ಬಿಟ್ರ ಗಾಳಿ ತಿಳಿ ಆಗತೈತೇನ?" ಅಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಕಿ ಅಲ್ಲಿ ಆರಾಮ ಅದಾಳಲ್ಲ. ಸಾಕು ಬಿಡು" ಅಂದರು.

ನಾನೂ ಸಾಕೆಂದುಕೊಂಡೆ. ಊರವರು ಕೇಳಿದರೆ ಸಾಲಿ ಸಲುವಾಗಿ ಕಳಿಸಿದ್ದೇವೆ ಎಂದು ಹೇಳುತ್ತಿದ್ದೆ. ಗುಡಿಸಲಿನವಳಿಗೂ ಅದನ್ನೇ ಹೇಳಿದೆ. ಅವಳ ಮಗಳು ಎರಡು ದಿನ ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತು, ಗೆಳತಿ ಯಾವಾಗ ಬರುತ್ತಾಳೆ ಎಂದು ಕೇಳಿ ಹೋಯಿತು.

ಆ ಹುಡುಗಿಯೂ ಕೆಮ್ಮುತ್ತಿತ್ತು. ಅದು ನನಗೆ ಹೊಸದಾಗಿ ಗೊತ್ತಾದದ್ದಲ್ಲ. ನನ್ನ ಮಗಳು ಮನೆಯಲ್ಲಿದ್ದಾಗ ಎರಡು ಕೆಮ್ಮು ಒಂದರೊಳಗೊಂದು ಸೇರಿ ಕೇಳುತ್ತಿದ್ದವು. ಈಗ ಒಂದೇ ಕೇಳುತ್ತಿತ್ತು. ಒಂದು ದಿನ ಅವಳ ತಾಯಿ ಬಂದು, "ವೈನಿ, ನಿಮ್ಮ ಮಗಳಿಗೆ ಏನೋ ಔಷಧ ಹಾಕತಿದ್ರಲ್ಲಾ, ಬಾಯಾಗ ಊದೂದು. ಅದು ಎಲ್ಲಿ ಸಿಗತೈತ್ರಿ?" ಎಂದು ಕೇಳಿದಳು. ಕುಕ್ಕರಿನ ಹಿಂದೆ ಒಂದು ಹಳೆಯ ಪಂಪು ಉಳಿದಿತ್ತು. ತೆಗೆದುಕೊಟ್ಟೆ. ಕೊಳವೆ ಅಥಣಿಗೆ ಹೋಗಿತ್ತು. "ದಮ್ಮು ಬಂದಾಗ ಎರಡು ಸಲ ಒತ್ತು" ಎಂದು ಹೇಳಿದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ಆ ದಿನವಿಡೀ ನನಗಿತ್ತು.

ಶಿವರಾತ್ರಿ ಹತ್ತಿರ ಬಂದಿತ್ತು. ಮಧ್ಯಾಹ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಹುಬ್ಬಿಲ್ಲದ ಆ ಮನುಷ್ಯ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮ ಅಂಗಳಕ್ಕೆ ಓಡಿ ಬರುವುದು ಕಂಡಿತು. ಇಳಿದು ಬಂದು ನೋಡಿದೆ. ತುಟಿ ನೇರಳೆ ಹಣ್ಣು ತಿಂದಂತೆ ಆಗಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. ಹುಡುಗಿ ಅಳುತ್ತಿರಲಿಲ್ಲ. ಅಳುವುದಕ್ಕೂ ಉಸಿರು ಬೇಕು.

ನನ್ನ ಗಂಡ ಬೆಲ್ಲ ಸಾಗಿಸುವ ಪಿಕಪ್ಪಿನಿಂದ ಪೆಂಟಿಗಳನ್ನು ಇಳಿಸಲೂ ಇಲ್ಲ, ಹಾಗೇ ಹೊರಡಿಸಿದರು. ಅವರು ಆ ದಿನ ಗಾಡಿ ಓಡಿಸಿದ ರೀತಿಯನ್ನು ನಾನು ಮರೆತಿಲ್ಲ. ಮಿರಜ್ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರೇಲರು. ಹಾರ್ನು ಒತ್ತುತ್ತಾ, ರಸ್ತೆ ಬಿಟ್ಟು ಮಣ್ಣಿಗಿಳಿಸುತ್ತಾ, ಕೈಮುಗಿದು ಕೇಳಿಕೊಳ್ಳುತ್ತಾ ದಾರಿ ಬಿಡಿಸಿಕೊಂಡರು.

ಹುಡುಗಿಯ ತಾಯಿ ನನ್ನ ಪಕ್ಕದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀಲಿ ಪಂಪನ್ನು ಬಾಯಿಗೆ ಹಿಡಿದು ಒತ್ತುತ್ತಲೇ ಇದ್ದಳು. ಎಷ್ಟು ಸಲ ಎಂದು ಲೆಕ್ಕವಿಲ್ಲ. ನಾನು ಅದನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿದೆ. ಒಳಗೆ ಏನೂ ಇರಲಿಲ್ಲ.

"ಇದು ಖಾಲಿ ಆಗೇತಿ. ಎಷ್ಟ ದಿನಾ ಆತು?" ಎಂದು ಕೇಳಿದೆ.

"ಖಾಲಿ ಆಗತೈತೇನ್ರಿ ಅದು?" ಅಂದಳು. "ಒತ್ತಿದ್ರ ಗಾಳಿ ಬರತೈತಲ್ರಿ. ನಾ ದಿನಾ ಒತ್ತಾಕತ್ತೇನಿ."

ಮಿರಜಿನ ಅದೇ ಡಾಕ್ಟರು ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಮೂಗಿಗೆ ಮುಖವಾಡ ಹಚ್ಚಿದರು. ಮಷೀನಿನ ಹಬೆ, ಸೂಜಿ, ಆಕ್ಸಿಜನ್ನು. ಸಂಜೆಯಾಗುವ ಹೊತ್ತಿಗೆ ತುಟಿಯ ಬಣ್ಣ ತಿರುಗಿತು. ಆಮೇಲೆ ಡಾಕ್ಟರು ಹೊರಗೆ ಬಂದು, ನೆಲದ ಮೇಲೆ ಕುಳಿತಿದ್ದ ತಾಯಿಯ ಮುಂದೆ ನಿಂತು, ನಮ್ಮನ್ನು ಕೇಳಿದ ಪ್ರಶ್ನೆಯನ್ನೇ ಕೇಳಿದರು. ಮನೆಯ ಹತ್ತಿರ ಏನಾದರೂ ಸುಡುತ್ತಾರೆಯೇ?

"ಚಪ್ಪಲಿ ರಬ್ಬರ್ ಸುಡತೇವ್ರಿ," ಅಂದಳು. ಒಂದು ಗಳಿಗೆಯೂ ಯೋಚಿಸಲಿಲ್ಲ. "ಬೆಲ್ಲದ ಒಲಿಗೆ. ನಮ್ಮ ಮನ್ಯಾವರ ಹಾಕತಾರ್ರಿ. ಒಲಿ ಮುಂದನ ನಮ್ಮ ಗುಡಸಲಾ."

ಡಾಕ್ಟರು ತಲೆ ಎತ್ತಿ ನನ್ನ ಗಂಡನನ್ನು ನೋಡಿದರು. ಅವರಿಗೆ ಗುರುತು ಸಿಕ್ಕಿತು. ಆಮೇಲೆ ನನ್ನ ಕಡೆ ನೋಡಿ, "ನಿಮ್ದೂ ಒಂದ ಹುಡುಗಿ ಇತ್ತಲ್ಲ? ಅಕಿ ಎಲ್ಲಿ ಅದಾಳ?" ಎಂದು ಕೇಳಿದರು.

"ಅಥಣಿಯೊಳಗ ಇಟ್ಟೇವ್ರಿ," ಅಂದೆ.

"ಆರಾಮ ಅದಾಳ?"

"ಆರಾಮ ಅದಾಳ್ರಿ."

ಅವರು ನಮ್ಮನ್ನು ಬೈಯಲಿಲ್ಲ. ಚೀಟಿ ಬರೆದು ನರ್ಸಿನ ಕೈಗೆ ಕೊಟ್ಟು ಒಳಗೆ ಹೋದರು. ಬೈದಿದ್ದರೆ ನನ್ನ ಗಂಡ ಏನಾದರೂ ಉತ್ತರ ಹೇಳುತ್ತಿದ್ದರೋ ಏನೋ. ಅವರು ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತಿದ್ದರು.

ಹುಡುಗಿಯನ್ನು ಬಿಟ್ಟದ್ದು ಐದನೆಯ ದಿನ. ಕರೆತರಲು ನಾವೇ ಹೋದೆವು. ದಾರಿಯಲ್ಲಿ, ಮಗಳು ನಿದ್ದೆ ಹೋದ ಮೇಲೆ, ತಾಯಿ ಕೇಳಿದಳು. "ವೈನಿ, ಮಗಳನ್ನ ಸಾಲಿ ಸಲುವಾಗಿ ಕಳಿಸೀವಿ ಅಂದಿದ್ರಿ."

ಗಾಡಿಯಲ್ಲಿ ನಾವು ಮೂವರೇ ದೊಡ್ಡವರು. ಮೂವರೂ ಮುಂದಿನ ರಸ್ತೆ ನೋಡುತ್ತಾ ಕುಳಿತಿದ್ದೆವು.

ಆ ವಿಷಯ ಮಾವನವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮರುದಿನ ಕೋಲು ಊರಿಕೊಂಡು ಗಾಣಕ್ಕೆ ಹೋಗಿ, ರಬ್ಬರ್ ರಾಶಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಂದು ಚೂರನ್ನೂ ಮುಟ್ಟಲು ಬಿಡಲಿಲ್ಲ. ಹಂಗಾಮಿನ ಉಳಿದ ದಿನಗಳು ಸಿಪ್ಪೆಯಲ್ಲೇ ಸಾಗಿದವು. ಉಳಿದ ರಾಶಿಯನ್ನು ಬೇರೆ ಗಾಣದವರು ಒಯ್ದರು. ಅದನ್ನು ಹೂಳಿಸಬೇಕಿತ್ತು ಎಂದು ನನಗೆ ಹೊಳೆದದ್ದು ಬಹಳ ದಿನದ ಮೇಲೆ.

ಮುಂದಿನ ವರ್ಷ ಆ ಕುಟುಂಬ ನಮ್ಮಲ್ಲಿಗೆ ಬರಲಿಲ್ಲ. ಹಾರೂಗೇರಿ ಆಚೆ ಒಂದು ಗಾಣಕ್ಕೆ ಹೋಗಿದ್ದಾರೆಂದು ಗೊತ್ತಾಯಿತು. ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ, ಒಲೆಗೆ ಉರುವಲು ಹಾಕುವುದು. ಅಲ್ಲಿ ಏನು ಸುಡುತ್ತಾರೆ ಎಂದು ನಾನು ವಿಚಾರಿಸಲಿಲ್ಲ.

ಅದರ ಮುಂದಿನ ಚಳಿಗಾಲ ಒಂದು ಬೆಳಿಗ್ಗೆ ಗಂಡ ಹಿತ್ತಲಲ್ಲಿ ಕೈ ತೊಳೆಯುತ್ತಾ, "ಒಲಿ ಹಾಕತಿದ್ದನಲ್ಲ, ಅವನ ಫೋನ್ ಬಂದಿತ್ತು. ಹುಡುಗಿ ಹೋತಂತ" ಅಂದರು. ನೀರು ಬಿಟ್ಟುಕೊಂಡೇ ಇದ್ದರು. ಕೈ ಯಾವಾಗಲೋ ತೊಳೆದು ಆಗಿತ್ತು.

ನಾಲ್ಕು ದಿನ ಬಿಟ್ಟು ನಾನು ಒಬ್ಬಳೇ ಹೋದೆ. ಅಥಣಿಗೆ ಬಸ್ಸು, ಅಲ್ಲಿಂದ ಹಾರೂಗೇರಿಗೆ, ಅಲ್ಲಿಂದ ಟಂಟಂ. ಗಾಣ ಹುಡುಕುವುದು ಕಷ್ಟವಾಗಲಿಲ್ಲ. ಕಬ್ಬಿನ ಗದ್ದೆಗಳ ಮೇಲೆ ಕಪ್ಪು ಹೊಗೆ ಮಲಗಿತ್ತು, ಅದರ ಬುಡಕ್ಕೆ ನಡೆದುಕೊಂಡು ಹೋದೆ. ಅಲ್ಲಿ ಹಳೆಯ ಟಾಯರು ತುಂಡುಗಳನ್ನು ಹಾಕುತ್ತಿದ್ದರು. ಹುಡುಗಿ ಸತ್ತ ಮೇಲೂ ಅಪ್ಪ ಒಲೆಯ ಮುಂದೆಯೇ ಇದ್ದ. ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕುಳಿತು ಉರಿ ಸರಿಮಾಡಿದ.

ಅವನ ಹೆಂಡತಿ ಚಾಪೆ ಹಾಸಿ ಚಹಾ ಇಟ್ಟಳು. ಬೇಡವೆಂದರೂ ಕೇಳಲಿಲ್ಲ. ಎಂಟು ತಿಂಗಳ ಇನ್ನೊಂದು ಕೂಸು ಜೋಳಿಗೆಯಲ್ಲಿ ಮಲಗಿತ್ತು.

"ಮುಂಜಾನಿ ಆತ್ರಿ," ಎಂದು ತಾನಾಗಿಯೇ ಹೇಳಿದಳು. "ಹೊತ್ತ ಏರಿತ್ತು. ಪಂಪ್ ಇತ್ರಿ, ಈ ಸಲಾ ತುಂಬಿದ್ದ ಇತ್ತು. ನಾ ನೋಡಿ ತಂದಿದ್ದೆ. ಎರಡ ಸಲಾ ಎಳದ್ಲು. ಗಾಡಿ ಬರೂತನಾ ನನ್ನ ಕೈ ಹಿಡ್ಕೊಂಡ ಕುಂತಿದ್ಲು. ಗಾಡಿ ಬಂತು, ಅಷ್ಟರಾಗ ಕೈ ಬಿಟ್ಲು."

"ಅವತ್ತ ನಾ ನಿಂಗ ಖರೇ ಹೇಳಬೇಕಿತ್ತು" ಎಂದಷ್ಟೇ ಅಂದೆ.

ಅವಳು ಚಹಾದ ಲೋಟ ನನ್ನ ಮುಂದೆ ಸರಿಸಿದಳು. "ಹೇಳಬೇಕಿತ್ರಿ," ಅಂದಳು. "ಆಗ ಹೇಳಿದ್ರ ಅಕಿನ್ನ ನಮ್ಮವ್ವನ ಕಡೆ ಬಿಡತಿದ್ದೆ. ನಮಗೂ ಊರಾಗ ಮಂದಿ ಅದಾರ್ರಿ. ನೆಗಡಿ ಕೆಮ್ಮು ಅಂತ ತಿಳ್ಕೊಂಡ ಒಂದ ಹಂಗಾಮ ಪೂರಾ ಒಲಿ ಮುಂದ ಮಲಗಿಸಿದ್ನಿ. ಗೊತ್ತಾದ ಮ್ಯಾಲ ಬಿಟ್ಟ ನೋಡಿದ್ನಿ, ಅಷ್ಟರಾಗ ಎದಿ ಕೆಟ್ಟಿತ್ತು, ಅಕಿ ನನ್ನ ಬಿಟ್ಟ ಇರಲೂ ಇಲ್ಲ." ದನಿ ಏರಿಸಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ. ಆಮೇಲೆ, "ನಿಮ್ಮ ಮಗಳು ಈಗ ಎಷ್ಟನೇತ್ತಾ?" ಎಂದು ಕೇಳಿದಳು.

"ಮೂರನೇತ್ತಾ," ಅಂದೆ.

ಹೊರಡುವಾಗ, ಕೂಸನ್ನು ಕರೆದುಕೊಂಡು ಅಥಣಿಗೆ ಬಾ, ಏನಾದರೂ ಕೆಲಸ ನೋಡೋಣ ಎಂದೆ. ಕೂಸನ್ನು ನಾಳೆಯೇ ಅವ್ವನ ಊರಿಗೆ ಕಳಿಸುವುದಾಗಿ ಆಗಲೇ ಮಾತಾಡಿ ಮುಗಿಸಿದ್ದಳು. ಮೊಲೆ ಕುಡಿಯುವ ಕೂಸು. ಇವಳು ಹಂಗಾಮು ಮುಗಿಯುವ ತನಕ ಇಲ್ಲೇ ಇರಬೇಕು. ಅದನ್ನು ಹೇಳುವಾಗ ಮಾತ್ರ ಅವಳು ಮುಖ ಆಚೆ ತಿರುಗಿಸಿದಳು.

ಮಾವನವರು ತೀರಿಕೊಂಡ ಮೇಲೆ ನನ್ನ ಗಂಡ ಗಾಣವನ್ನು ಬೇರೊಬ್ಬರಿಗೆ ನಡೆಸಲು ಕೊಟ್ಟರು. ತಾವು ಸುಡುವುದಿಲ್ಲ ಎನ್ನುವುದು ಅವರಿಗೆ ಸಮಾಧಾನ. ನಡೆಸುವವರು ಮೊದಲ ವಾರವೇ ರಬ್ಬರ್ ತರಿಸಿದರು. ನಾನು ಎರಡು ದಿನ ಗಂಡನಿಗೆ ಹೇಳಿ ನೋಡಿದೆ. ಮೂರನೆಯ ದಿನ ಒಂದು ಅರ್ಜಿ ಬರೆದು ಪಂಚಾಯಿತಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಗುಮಾಸ್ತ ನಮ್ಮ ಓಣಿಯವನೇ. ಓದಿದ, ಮತ್ತೊಮ್ಮೆ ಓದಿದ.

"ವೈನಿ, ಈ ಗಾಣಾ ನಿಮ್ಮ ಮನಿದ ಅಲ್ರಿ?"

"ಹೌದು. ನಮ್ದ."

"ಮತ್ತ ಅಣ್ಣಾರಿಗೆ ಗೊತ್ತೈತೇನ್ರಿ ಇದು?"

"ಸಂಜಿಕ ಗೊತ್ತಾಗತೈತಿ. ಅರ್ಜಿ ಮ್ಯಾಲ ಶಿಕ್ಕಾ ಒತ್ತು."

ಸಂಜೆ ಗೊತ್ತಾಯಿತು. ಅಂದಿನಿಂದ ಹಂಗಾಮು ಮುಗಿಯುವ ತನಕ ಗಂಡ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದರು. ಅತ್ತೆ ಮಾತ್ರ ಬಂದವರ ಮುಂದೆಲ್ಲ, ಮನೆಯ ಮಾನ ಕಚೇರಿಗೆ ಹಾಕಿದಳು ಎಂದು ಹೇಳಿಕೊಂಡರು. ಚಿಕ್ಕೋಡಿಯ ಕಚೇರಿಯಿಂದ ಯಾರೋ ಇಬ್ಬರು ಬಂದು ನೋಡಿ ಬರೆದುಕೊಂಡು ಹೋದರು. ಎಂಟು ದಿನ ಒಲೆ ಆರಿತು. ಒಂಬತ್ತನೆಯ ದಿನ ಮತ್ತೆ ಹೊತ್ತಿತು. ಈಗ ರಬ್ಬರನ್ನು ಬಯಲಲ್ಲಿ ಹಾಕುವುದಿಲ್ಲ, ಶೆಡ್ಡಿನೊಳಗೆ ಸಿಪ್ಪೆಯ ಕೆಳಗೆ ಮುಚ್ಚಿಡುತ್ತಾರೆ. ನಾನು ಅರ್ಜಿ ಕೊಡುವುದನ್ನೂ ಬಿಟ್ಟಿಲ್ಲ. ಪ್ರತಿ ವರ್ಷ ಎಂಟು ದಿನವೋ ಹತ್ತು ದಿನವೋ ಒಲೆ ಆರುತ್ತದೆ. ಅದಕ್ಕಿಂತ ಹೆಚ್ಚೇನನ್ನೂ ನನ್ನಿಂದ ಇದುವರೆಗೆ ಮಾಡಲಾಗಿಲ್ಲ.

ನನ್ನ ಮಗಳು ಈಗ ಎಂಟನೆಯ ತರಗತಿ. ಗಾಣ ನಿಂತಿರುವ ಮಳೆಗಾಲದಲ್ಲಿ ಮಾತ್ರ ಊರಿಗೆ ಬರುತ್ತಾಳೆ. ಆ ಗೆಳತಿಯ ನೆನಪು ಅವಳಿಗೆ ಅಷ್ಟಾಗಿ ಇಲ್ಲ. ಸತ್ತದ್ದನ್ನು ನಾನು ಹೇಳಿದ್ದೇನೆ, ಯಾಕೆ ಸತ್ತಳೆಂದೂ ಹೇಳಿದ್ದೇನೆ. ಅವಳು ಕೇಳಿ, ಅಪ್ಪನ ಹತ್ತಿರ ಆ ಮಾತು ಎತ್ತದೆ, ಅಥಣಿಗೆ ಹೊರಟುಹೋದಳು.

ಹೋದ ಹಂಗಾಮಿನಿಂದ ನಾನು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಗಾಣದ ಗುಡಿಸಲುಗಳಿಗೆ ಹೊಸ ಮಂದಿ ಬಂದ ದಿನವೇ ಹೋಗಿ, ಮಕ್ಕಳಿರುವ ತಾಯಂದಿರಿಗೆ ನೇರವಾಗಿ ಹೇಳುತ್ತೇನೆ. ಈ ಹೊಗೆ ರಬ್ಬರಿನದು, ಇದರಿಂದ ನನ್ನ ಮಗಳಿಗೆ ದಮ್ಮು ಬಂತು, ಇಲ್ಲೇ ಇದ್ದ ಇನ್ನೊಂದು ಹುಡುಗಿ ಸತ್ತಿತು. ಮಕ್ಕಳನ್ನು ಇಲ್ಲಿ ಇಟ್ಟುಕೊಳ್ಳಬೇಡಿ. ಕೆಲವರು ಕೇಳಿ ತಲೆಯಾಡಿಸುತ್ತಾರೆ. ಇಬ್ಬರು ತಮ್ಮ ಮಕ್ಕಳನ್ನು ಊರಿಗೆ ಕಳಿಸಿದರು. ಈ ವರ್ಷ ಬಂದ ಒಬ್ಬಳು ನಾನು ಹೇಳಿದ್ದನ್ನೆಲ್ಲ ಕೇಳಿ, ಸೊಂಟದ ಮೇಲಿದ್ದ ಮಗುವನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿ, "ಎಲ್ಲಿ ಬಿಡೂದ್ರಿ ಅಕ್ಕಾರ? ಊರಾಗ ನಮಗ ಯಾರೂ ಇಲ್ಲ" ಅಂದಳು. ಹಗಲು ಹೊತ್ತು ಮಗುವನ್ನು ನಮ್ಮ ಮನೆಯಲ್ಲಿ ಬಿಡು ಎಂದೆ. ನಮ್ಮ ಮನೆಯೂ ಅಲ್ಲಿಂದ ಇನ್ನೂರು ಹೆಜ್ಜೆ. ಆದರೂ ಕಿಟಕಿ ಬಾಗಿಲು ಹಾಕಿಕೊಳ್ಳಬಹುದು. ಈಗ ಬೆಳಿಗ್ಗೆ ತಂದು ಬಿಡುತ್ತಾಳೆ, ಸಂಜೆ ಕರೆದುಕೊಂಡು ಹೋಗುತ್ತಾಳೆ. ಮಗು ಇನ್ನೂ ಕೆಮ್ಮುತ್ತಿದೆ.